ಪಾಳು ಸೈಟಿನ ಎಕ್ಕ, ಅಲ್ಲಿ ಹುಟ್ಟುವ ಚಿಟ್ಟೆ

ಊರು ಮುಗಿದು ಹೊಲ ಶುರುವಾಗುವ ಕಡೆ ಈಗ ಎಲ್ಲ ಊರಿನಲ್ಲೂ ಒಂದೇ ನೋಟ. ಕಲ್ಲು ನೆಟ್ಟು ನಂಬರು ಬರೆದ ಸೈಟುಗಳು, ಯಾರೋ ರಾತ್ರಿ ಸುರಿದುಹೋದ ಇಟ್ಟಿಗೆ ಚೂರು, ಒಡೆದ ಕಮೋಡು, ಹರಿದ ಸಿಮೆಂಟ್ ಚೀಲ. ಅದರ ನಡುವೆ ಎದೆಯುದ್ದ ಬೆಳೆದು ನಿಂತ ಎಕ್ಕದ ಗಿಡ. ಮಧ್ಯಾಹ್ನದ ಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಒಣಗಿ ನೆಲಕ್ಕಂಟಿದ್ದರೂ ಬೂದಿ ಬಳಿದಂಥ ಅದರ ದಪ್ಪ ಎಲೆಗಳು ಬಾಡಿಲ್ಲ. ತಿಳಿನೇರಳೆ ಹೂಗೊಂಚಲಿನ ಮೇಲೆ ದೊಡ್ಡ ಕಪ್ಪು ದುಂಬಿ ಗುಂಯ್‌ಗುಡುತ್ತಿದೆ. ಅಷ್ಟರಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಯಾವ ಅವಸರವೂ ಇಲ್ಲದೆ ತೇಲಿ ಬರುತ್ತದೆ. ಹೂವಿನ ಕಡೆ ತಿರುಗಿಯೂ ನೋಡದೆ ಎಲೆಯ ಅಂಚು ಹಿಡಿದು, ಹೊಟ್ಟೆ ಬಾಗಿಸಿ, ಒಂದು ಗಳಿಗೆ ತಡೆದು ಹಾರಿಹೋಗುತ್ತದೆ.

ಆ ಎಲೆಯನ್ನು ಮಗುಚಿ ನೋಡಿದರೆ ಕಣ್ಣು ಕಿರಿದು ಮಾಡಿ ಹುಡುಕಬೇಕಾದಷ್ಟು ಸಣ್ಣ, ಬೆಳ್ಳಗಿನ ಮೊಟ್ಟೆಯೊಂದು ಅಂಟಿರುತ್ತದೆ. ಚಿಟ್ಟೆ ಇಷ್ಟು ದೂರ ಬಂದದ್ದು ಅದಕ್ಕಾಗಿ. ನಮ್ಮ ಬಯಲುಸೀಮೆಯಲ್ಲಿ ವರ್ಷವಿಡೀ ಕಾಣುವ ಈ ಚಿಟ್ಟೆಗೆ ಪ್ಲೇನ್ ಟೈಗರ್ ಎಂದು ಹೆಸರು. ಅದು ಇಷ್ಟು ಧಾರಾಳವಾಗಿ ಕಾಣುವುದಕ್ಕೆ ಕಾರಣ, ನಾವು ಕಣ್ಣೆತ್ತಿ ನೋಡದ ಈ ಗಿಡ.

ದೇವರಿಗೆ ಬೇಕು, ಅಂಗಳಕ್ಕೆ ಬೇಡ

ಎಕ್ಕದ ವಿಷಯದಲ್ಲಿ ನಮ್ಮ ಜನರದ್ದು ಎರಡು ಮನಸ್ಸು. ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜ, ಮಂಡಿಗಳ ಮೇಲೆ ಏಳು ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವೆ. ಶನಿವಾರ ಆಂಜನೇಯನಿಗೆ ಎಕ್ಕದ ಹೂವಿನ ಹಾರ, ಗಣಪತಿಗೆ ಬಿಳಿ ಎಕ್ಕ. ಬಿಳಿ ಎಕ್ಕದ ಬೇರಿನಲ್ಲಿ ಗಣಪನ ಮೂರ್ತಿ ಮಾಡಿ ಪೂಜಿಸುವವರೂ ಇದ್ದಾರೆ. ಮಂಡಿನೋವಿಗೆ ಎಲೆ ಬಿಸಿಮಾಡಿ ಕಟ್ಟುವುದು, ಕಾಲಿಗೆ ಮುಳ್ಳು ಮುರಿದುಕೊಂಡರೆ ಹಾಲು ಹಚ್ಚುವುದು ಹಳ್ಳಿಗಳಲ್ಲಿ ಇಂದಿಗೂ ಇದೆ.

ಅದೇ ಗಿಡ ಮನೆಯ ಮುಂದೆ ಎದ್ದರೆ ಮಾತ್ರ ಕಿತ್ತು ಬಿಸಾಡುತ್ತೇವೆ. ‘ಎಕ್ಕುಟ್ಟಿ ಹೋಗಲಿ’ ಎಂಬ ಬೈಗುಳ ಕೇಳದವರಾರು? ಮನೆ ಹಾಳಾಗಿ, ಅಲ್ಲಿ ಎಕ್ಕ ಹುಟ್ಟಲಿ ಎಂಬ ಶಾಪ ಅದು. ಬೈದವರು ಸಸ್ಯವಿಜ್ಞಾನ ಓದಿದವರಲ್ಲದಿದ್ದರೂ ಗಿಡವನ್ನು ಸರಿಯಾಗಿಯೇ ನೋಡಿದ್ದಾರೆ. ಕೆದಕಿ ಬಿಟ್ಟ ನೆಲ, ಕುಸಿದ ಗೋಡೆ, ರಸ್ತೆಯ ಮಗ್ಗುಲು, ರೈಲು ಹಳಿಯ ಏರಿ, ಉಳುಮೆ ನಿಂತ ಹೊಲ ಇವೇ ಎಕ್ಕದ ನೆಲೆಗಳು. ಬೇರು ಆಳಕ್ಕಿಳಿಯುವುದರಿಂದ ಗೊಬ್ಬರ, ನೀರು ಏನನ್ನೂ ಕೇಳದೆ ಅದು ಬದುಕುತ್ತದೆ. ದನ ಬಾಯಿ ಹಾಕುವುದಿಲ್ಲ. ಹಾಗಾಗಿ ಬೇರೆಲ್ಲ ಗಿಡ ಸೋತು ಹೋದ ಕಡೆ ಇದೊಂದು ಉಳಿದಿರುತ್ತದೆ.

ನಮ್ಮಲ್ಲಿ ಎರಡು ಬಗೆಯ ಎಕ್ಕಗಳಿವೆ. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಎಕ್ಕದ ಹೂವಿನ ಎಸಳುಗಳು ಅಗಲವಾಗಿ ಹರಡಿ ಹಿಂದಕ್ಕೆ ಬಾಗಿರುತ್ತವೆ. ಬಣ್ಣ ತಿಳಿನೇರಳೆ, ಇಲ್ಲವೇ ಬಿಳಿ. ಒಣಪ್ರದೇಶಗಳಲ್ಲಿ ಸಿಗುವ ಇನ್ನೊಂದು ಬಗೆಯಲ್ಲಿ ಎಸಳು ನೆಟ್ಟಗೆ ನಿಂತು, ತುದಿಯಲ್ಲಿ ಮಾತ್ರ ಕಡುನೇರಳೆ ಇರುತ್ತದೆ. ವಾಯವ್ಯ ಭಾರತದಿಂದ ಅರೇಬಿಯಾ ದಾಟಿ ಆಫ್ರಿಕದವರೆಗೂ ಹಬ್ಬಿರುವುದು ಈ ಎರಡನೆಯದು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ದೊಡ್ಡ ಎಕ್ಕವನ್ನು ‘ಆಸ್‌ಕ್ಲೇಪಿಯಾಸ್’ ಎಂಬ ಹಾಲುಗಿಡಗಳ ಗುಂಪಿಗೆ ಸೇರಿಸಿದ್ದ. 1810ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದನ್ನು ಬೇರ್ಪಡಿಸಿ ‘ಕ್ಯಾಲೊಟ್ರೋಪಿಸ್’ ಎಂದು ಕರೆದ. ಎಕ್ಕ ಮತ್ತದರ ಬಳಗದ ಹೂಗಳು ಹೇಗೆ ಕಾಯಿ ಕಟ್ಟುತ್ತವೆ ಎಂಬುದು ಬ್ರೌನನ ತಲೆಯನ್ನು ಬಹುಕಾಲ ಕೊರೆದಿತ್ತು. ಜೀವಕೋಶದ ನಡುವಿನ ಬೀಜಕ್ಕೆ ‘ನ್ಯೂಕ್ಲಿಯಸ್’ ಎಂದು ಹೆಸರಿಟ್ಟದ್ದೂ ಅವನೇ. ಆ ಮಾತು ಬಂದದ್ದು ಆರ್ಕಿಡ್ ಮತ್ತು ಎಕ್ಕದ ಬಳಗದ ಹೂಗಳ ಮೇಲೆ ಅವನು 1831ರಲ್ಲಿ ಮಂಡಿಸಿದ ಪ್ರಬಂಧದಲ್ಲಿ.

ಹೂವು ದುಂಬಿಯದ್ದು

ಎಕ್ಕದ ಹೂವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ದಾಸವಾಳದಲ್ಲಿರುವಂತೆ ಉದುರುವ ಪರಾಗದ ಪುಡಿ ಇಲ್ಲಿಲ್ಲ. ಬೆರಳಿಗೆ ಹಳದಿ ಹತ್ತುವುದಿಲ್ಲ. ನಡುವೆ ಐದು ಮೂಲೆಯ ಗಟ್ಟಿ ಗೋಪುರವೊಂದಿದೆ, ಅಷ್ಟೆ.

ಆ ಗೋಪುರದ ಐದು ಸಂದುಗಳಲ್ಲಿ ಹೂವಿನ ಗುಟ್ಟಿದೆ. ಪರಾಗವೆಲ್ಲ ಮೇಣದಂಥ ಪುಟ್ಟ ಚೀಲಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎರಡೆರಡು ಚೀಲಗಳನ್ನು ತೆಳ್ಳನೆಯ ಎರಡು ತೋಳುಗಳು ಹಿಡಿದಿರುತ್ತವೆ. ತೋಳುಗಳು ಕೂಡುವ ಕಡೆ, ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಕಚ್ಚಿಕೊಳ್ಳುವ ಒಂದು ಕರಿಯ ಚುಕ್ಕೆ. ಮಕರಂದಕ್ಕೆಂದು ಬಂದ ದುಂಬಿಯ ಕಾಲು ನುಣ್ಣನೆಯ ಹೂವಿನ ಮೇಲೆ ಜಾರಿ ಸಂದಿಗೆ ಸಿಕ್ಕುತ್ತದೆ. ಎಳೆದುಕೊಂಡಾಗ ಚುಕ್ಕೆ ಕಾಲಿಗೆ ಕಚ್ಚಿ, ಜೋಡಿಚೀಲ ಜೊತೆಗೇ ಕಿತ್ತು ಬರುತ್ತದೆ. ಮುಂದಿನ ಹೂವಿನಲ್ಲಿ ಕಾಲು ಇನ್ನೊಂದು ಸಂದಿಗೆ ಇಳಿದಾಗ ಚೀಲ ಅಲ್ಲಿ ಉಳಿದು, ಅದರೊಳಗಿನ ಪರಾಗವೆಲ್ಲ ಒಟ್ಟಿಗೆ ಕೆಲಸಕ್ಕೆ ಬರುತ್ತದೆ. ಸಣ್ಣ ಹುಳುಗಳಿಗೆ ಇಷ್ಟು ಬಲವಿರುವುದಿಲ್ಲ. ಸಂದಿಯಲ್ಲಿ ಕಾಲು ಸಿಕ್ಕಿ ಸತ್ತ ನೊಣ, ಇರುವೆಗಳು ಈ ಬಳಗದ ಹೂಗಳಲ್ಲಿ ಆಗೀಗ ಸಿಗುತ್ತವೆ.

ಹಾಗಾಗಿ ಎಕ್ಕಕ್ಕೆ ಬೇಕಾದದ್ದು ಒಣಮರ, ಬಿದಿರುಗಳಲ್ಲಿ ತೂತು ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ. ಚಿಟ್ಟೆಯ ನವಿರಾದ ಕಾಲಿನಿಂದ ಹೂವಿಗೆ ಹೇಳಿಕೊಳ್ಳುವಂಥ ಉಪಕಾರವೇನೂ ಆಗುವುದಿಲ್ಲ. ಚಿಟ್ಟೆಗಳು ಹೂವಿನ ಋಣ ತೀರಿಸುತ್ತವೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ ಮಾತು ಎಕ್ಕದ ಹತ್ತಿರ ನಿಲ್ಲುವುದಿಲ್ಲ. ಇಲ್ಲಿ ಹೂವು ದುಂಬಿಯ ಪಾಲು, ಎಲೆ ಚಿಟ್ಟೆಯ ಪಾಲು. ದುಂಬಿ ದುಡಿದು ಕೊಡುತ್ತದೆ, ಚಿಟ್ಟೆ ಪುಕ್ಕಟೆ ಉಣ್ಣುತ್ತದೆ.

ಕಾಯಿ ಬಲಿತು ಒಡೆದಾಗ ಬೆಳ್ಳಗಿನ ರೇಷ್ಮೆಕುಚ್ಚು ಹೊತ್ತ ಬೀಜಗಳು ಗಾಳಿಗೆ ಏಳುತ್ತವೆ. ಹಿಂದೆ ಆ ಅರಳೆಯನ್ನು ದಿಂಬಿಗೆ ತುಂಬುತ್ತಿದ್ದರು. ಕಾಂಡದ ನಾರು ಬಿಲ್ಲಿನ ಹೆದೆಗೆ, ಮೀನಿನ ಗಾಳದ ದಾರಕ್ಕೆ ಆಗುವಷ್ಟು ಗಟ್ಟಿ.

ಎಲೆ ಚಿಟ್ಟೆಯದ್ದು

ತಾಯಿಚಿಟ್ಟೆ ಎಲೆಯನ್ನು ಆರಿಸುವುದು ಕಣ್ಣಿನಿಂದಷ್ಟೇ ಅಲ್ಲ. ಪ್ಲೇನ್ ಟೈಗರ್ ನಡೆಯುವಾಗ ಎಣಿಸಿದರೆ ನಾಲ್ಕೇ ಕಾಲು ಕಾಣುತ್ತವೆ. ಮುಂದಿನ ಎರಡು ಚಿಕ್ಕದಾಗಿ ಎದೆಗೆ ಮಡಚಿಕೊಂಡಿರುತ್ತವೆ. ಹೆಣ್ಣು ಆ ಮುಂಗಾಲುಗಳಿಂದ ಎಲೆಯನ್ನು ತಟ್ಟಿ ರುಚಿ ನೋಡುತ್ತದೆ. ಎಕ್ಕದ್ದೇ ಎಂದು ಖಾತ್ರಿಯಾದರೆ ಒಂದು ಮೊಟ್ಟೆ ಇಟ್ಟು ಮುಂದಿನ ಎಲೆಗೋ ಮುಂದಿನ ಗಿಡಕ್ಕೋ ಹೋಗುತ್ತದೆ. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಮರಿಗಳು ಒಂದರ ಬಾಯಿಂದ ಒಂದು ಕಸಿದುಕೊಂಡಾವು.

ಮೂರ್ನಾಲ್ಕು ದಿನಕ್ಕೆ ಮೊಟ್ಟೆಯೊಡೆದು ಬಂದ ಮರಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನು. ಆಮೇಲೆ ಎಲೆಗೆ ಬಾಯಿ ಹಾಕಬೇಕು. ಅಲ್ಲಿದೆ ಕಷ್ಟ. ಎಕ್ಕದ ಎಲೆಯನ್ನು ಎಲ್ಲಿ ಗಾಯ ಮಾಡಿದರೂ ಹಾಲು ಚಿಮ್ಮುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಮರಿಯ ಬಾಯನ್ನು ಆ ಅಂಟು ಮುಚ್ಚಿಬಿಡಬಲ್ಲದು. ಹಾಲಿಗೆ ಸಿಕ್ಕಿ ಸಾಯುವ ಮರಿಗಳೂ ಇವೆ. ಅದಕ್ಕೆ ಹುಳು ಒಂದು ಉಪಾಯ ಮಾಡುತ್ತದೆ. ತಿನ್ನುವ ಮೊದಲು ಎಲೆಯಲ್ಲಿ ಸುತ್ತಲೂ ಒಂದು ಗೀರು ಕಚ್ಚಿ, ಹಾಲು ಹರಿಯುವ ನಾಳಗಳನ್ನು ಕತ್ತರಿಸುತ್ತದೆ. ಒತ್ತಡ ಇಳಿದು ಹಾಲು ಸೋರಿಹೋದ ಮೇಲೆ ಗೀರಿನ ಒಳಗಿನ ಭಾಗವನ್ನು ನೆಮ್ಮದಿಯಿಂದ ಮೇಯುತ್ತದೆ. ಎಳೆಯ ಎಲೆಯಲ್ಲಿ ದುಂಡನೆಯ ಸಣ್ಣ ತೂತುಗಳು ಕಂಡರೆ ಮರಿ ಅಲ್ಲೆಲ್ಲೋ ಇದೆ ಎಂದೇ ಅರ್ಥ.

ನಾಲ್ಕು ಬಾರಿ ಪೊರೆ ಕಳಚಿ ಎರಡು ವಾರದಲ್ಲಿ ಅದು ಕಿರುಬೆರಳಿನಷ್ಟಾಗುತ್ತದೆ. ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಅವು ಕೊಂಬಿನಂತೆ ಕಂಡರೂ ಚುಚ್ಚುವುದಿಲ್ಲ, ಕಂಬಳಿಹುಳುವಿನಂತೆ ತುರಿಸುವುದೂ ಇಲ್ಲ. ಆಮೇಲೆ ಎಲೆಯ ಅಡಿಯಲ್ಲೋ ಪಕ್ಕದ ಕಡ್ಡಿಯಲ್ಲೋ ತಲೆಕೆಳಗಾಗಿ ನೇತು ಬಿದ್ದು ಕೋಶವಾಗುತ್ತದೆ. ಹಸಿರು ಅಥವಾ ನಸುಗೆಂಪಿನ ಆ ಕೋಶದ ಮೇಲೆ ಬಂಗಾರದ ಚುಕ್ಕಿಗಳಿರುತ್ತವೆ. ಬೆಚ್ಚನೆಯ ದಿನಗಳಾದರೆ ವಾರ, ಹತ್ತು ದಿನದೊಳಗೆ ಚಿಟ್ಟೆ ಹೊರಬರುತ್ತದೆ.

ಹಾಲಿನ ವಿಷ, ಹುಳುವಿನ ಕವಚ

ಎಕ್ಕದ ಹಾಲಿನಲ್ಲಿ ‘ಕಾರ್ಡಿನೊಲೈಡ್’ ಎಂಬ ವಿಷಗಳ ಗುಂಪಿದೆ. ಹೃದ್ರೋಗಿಗಳಿಗೆ ಕೊಡುವ ಡಿಜಾಕ್ಸಿನ್ ಮಾತ್ರೆಯೂ ಇದೇ ಗುಂಪಿನದು. ಪ್ರಾಣಿಗಳ ಪ್ರತಿ ಜೀವಕೋಶದಲ್ಲೂ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುವ ಒಂದು ಪಂಪು ಸದಾ ನಡೆಯುತ್ತಿರುತ್ತದೆ. ಕಾರ್ಡಿನೊಲೈಡ್ ಹೋಗಿ ಆ ಪಂಪಿಗೆ ಅಡ್ಡ ಕೂರುತ್ತದೆ. ಹೃದಯದ ಲಯ ತಪ್ಪುವುದು ಹೀಗೆ. ದನ ಎಕ್ಕದ ಗಿಡವನ್ನು ಮೂಸಿ ಮುಂದೆ ಹೋಗುವುದು ಸುಮ್ಮನಲ್ಲ.

ಪ್ಲೇನ್ ಟೈಗರ್ ಸೇರಿರುವ ಡೇನಸ್ ಕುಲದ ಚಿಟ್ಟೆಗಳಲ್ಲಿ ಈ ಪಂಪಿನ ರಚನೆಯೇ ತುಸು ಬದಲಾಗಿದೆ. ವಿಷ ಬಂದು ಕೂರಬೇಕಾದ ಜಾಗ ಅದಕ್ಕೆ ಸರಿಹೊಂದುವುದಿಲ್ಲ. ಇದು ಎಷ್ಟು ಸಣ್ಣ ಬದಲಾವಣೆ ಎಂಬುದನ್ನು 2019ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಪ್ಲೇನ್ ಟೈಗರಿನ ಅಮೆರಿಕದ ಸೋದರ ಮೊನಾರ್ಕ್ ಚಿಟ್ಟೆಯ ವಂಶವಾಹಿಯಲ್ಲಿರುವ ಮೂರೇ ಮೂರು ತಿದ್ದುಪಡಿಗಳನ್ನು ಅವರು ಹಣ್ಣುನೊಣದೊಳಗೆ ಮಾಡಿದರು. ಕೊಳೆತ ಬಾಳೆಹಣ್ಣಿನ ಮೇಲೆ ಏಳುವ ಆ ಬಡಪಾಯಿ ನೊಣ, ಮೊನಾರ್ಕಿನಂತೆಯೇ ಹಾಲುಗಿಡದ ವಿಷವನ್ನು ತಾಳಿಕೊಂಡಿತು.

ಹುಳು ವಿಷವನ್ನು ತಾಳಿಕೊಳ್ಳುವುದಷ್ಟೇ ಅಲ್ಲ, ಮೈಯಲ್ಲಿ ಕೂಡಿಡುತ್ತದೆ ಕೂಡ. ಹುಳುವಿನಿಂದ ಕೋಶಕ್ಕೆ, ಕೋಶದಿಂದ ಚಿಟ್ಟೆಗೆ ಅದು ದಾಟಿ ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ ಹಾಲುಗಿಡ ತಿಂದು ಬೆಳೆದ ಮೊನಾರ್ಕ್‌ಗಳನ್ನು ನೀಲಿ ಜೇ ಹಕ್ಕಿಗಳಿಗೆ ತಿನ್ನಿಸಿದರು. ಹಕ್ಕಿಗಳು ವಾಂತಿ ಮಾಡಿಕೊಂಡವು. ಆಮೇಲೆ ಆ ಬಣ್ಣದ ಚಿಟ್ಟೆಯನ್ನು ಕಂಡರೆ ಮುಖ ತಿರುಗಿಸಿದವು. ಎಕ್ಕ ತಿಂದ ಪ್ಲೇನ್ ಟೈಗರ್ ಎಷ್ಟು ವಿಷ ಕೂಡಿಡುತ್ತದೆ ಎಂದು ನೋಡಿದ ತಂಡದಲ್ಲಿ ಇಂಗ್ಲೆಂಡಿನ ಮಿರಿಯಂ ರಾಥ್‌ಶೀಲ್ಡ್ ಜೊತೆ, 1950ರಲ್ಲಿ ನೊಬೆಲ್ ಪಡೆದ ರಸಾಯನವಿಜ್ಞಾನಿ ಟಾಡಿಯಸ್ ರೈಕ್‌ಸ್ಟೈನ್ ಕೂಡ ಇದ್ದರು. ಎಲ್ಲ ಚಿಟ್ಟೆಗಳೂ ಒಂದೇ ಅಳತೆಯ ವಿಷ ಹೊತ್ತಿರುವುದಿಲ್ಲ. ಅದು ತಿಂದ ಗಿಡವನ್ನು ಅವಲಂಬಿಸಿದೆ. ಆದರೆ ಒಮ್ಮೆ ಕೆಟ್ಟ ಪಾಠ ಕಲಿತ ಹಕ್ಕಿ ಪ್ರತಿ ಚಿಟ್ಟೆಯನ್ನೂ ಪರೀಕ್ಷಿಸಲು ಹೋಗುವುದಿಲ್ಲ.

ಪ್ಲೇನ್ ಟೈಗರ್ ನಿಧಾನವಾಗಿ, ಎಲ್ಲರ ಕಣ್ಣಿಗೆ ಬೀಳುವಂತೆ ತೇಲುವುದು ಈ ಧೈರ್ಯದಿಂದಲೇ. ಸುಮಾರು 3500 ವರ್ಷಗಳ ಹಿಂದೆ ಈಜಿಪ್ಟಿನ ಲಕ್ಸರ್‌ನಲ್ಲಿ ಗೋಡೆಗೆ ಚಿತ್ರ ಬರೆದವರ ಕಣ್ಣಿಗೂ ಇದೇ ಚಿಟ್ಟೆ ಬಿದ್ದಿತ್ತು. ಮನುಷ್ಯ ಬಿಡಿಸಿದ ಅತಿ ಹಳೆಯ ಚಿಟ್ಟೆಚಿತ್ರಗಳಲ್ಲಿ ಅದೂ ಒಂದು.

ವೇಷ ಹಾಕಿದವರು

ಹೆದರಿಸುವ ಬಣ್ಣ ಇಷ್ಟು ಫಲ ಕೊಡುವಾಗ ಅದನ್ನು ಕದಿಯುವವರಿಲ್ಲದೆ ಇರುತ್ತಾರೆಯೇ? ಡೇನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಗಂಡು ಕಪ್ಪು. ರೆಕ್ಕೆಗಳ ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಮಚ್ಚೆಗಳು. ಅದರ ಹೆಣ್ಣು ಮಾತ್ರ ಥೇಟ್ ಪ್ಲೇನ್ ಟೈಗರ್. ಗಂಡು ಹೆಣ್ಣನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಜಾತಿ ಎಂದು ನಂಬುವುದು ಕಷ್ಟ. ಈ ಹೆಣ್ಣು ಮೊಟ್ಟೆಯಿಡುವುದು ಗೋಣಿಸೊಪ್ಪಿನ ಮೇಲೆ. ನಾವೇ ಸಾರು ಮಾಡಿ ತಿನ್ನುವ ಸೊಪ್ಪು, ಅದರಲ್ಲಿ ಎಕ್ಕದ ವಿಷ ಎಲ್ಲಿಂದ ಬರಬೇಕು! ಹಕ್ಕಿಗೆ ರುಚಿಯಾದ ಊಟವೇ, ಆದರೆ ವೇಷ ನೋಡಿ ಅದು ದೂರ ಸರಿಯುತ್ತದೆ. ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಅಲೆದ ಹೆನ್ರಿ ವಾಲ್ಟರ್ ಬೇಟ್ಸ್ ಇಂಥ ವೇಷಗಾರಿಕೆಯನ್ನು 1862ರಲ್ಲಿ ಮೊದಲು ವಿವರಿಸಿದ.

ಇಬ್ಬರನ್ನೂ ಬೇರೆ ಮಾಡುವ ಸುಲಭದ ಗುರುತು ಹಿಂದಿನ ರೆಕ್ಕೆಯಲ್ಲಿದೆ. ಅಸಲಿ ಪ್ಲೇನ್ ಟೈಗರಿಗೆ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕಿಗಳಿರುತ್ತವೆ. ವೇಷಧಾರಿಗೆ ಮೇಲಂಚಿನಲ್ಲಿ ಒಂದೇ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಈ ನಾಟಕಕ್ಕೆ ಒಂದು ಷರತ್ತಿದೆ. ವೇಷಧಾರಿಗಳಿಗಿಂತ ಅಸಲಿಗಳು ಹೆಚ್ಚಿರಬೇಕು. ಸುತ್ತಮುತ್ತ ಎಕ್ಕ ಕಡಿಮೆಯಾಗಿ ಕಹಿ ಚಿಟ್ಟೆಗಳು ವಿರಳವಾದರೆ ಹಕ್ಕಿಗಳಿಗೆ ಪಾಠ ಕಲಿಸುವವರಿಲ್ಲ. ಆಗ ಗೋಣಿಸೊಪ್ಪಿನ ಚಿಟ್ಟೆಯ ವೇಷವೂ ಕೆಲಸಕ್ಕೆ ಬಾರದು.

ಗಂಡಿಗೆ ಬೇಕು ಅಪ್ಸೆಣಬು

ಎಕ್ಕವೊಂದರಿಂದಲೇ ಪ್ಲೇನ್ ಟೈಗರಿನ ಸಂಸಾರ ಸಾಗುವುದಿಲ್ಲ. ಹೆಣ್ಣನ್ನು ಒಲಿಸಲು ಗಂಡು ಒಂದು ಗಂಧ ಸೂಸಬೇಕು. ಅದಕ್ಕೆ ಬೇಕಾದ ಸರಕು ಎಕ್ಕದಲ್ಲಿಲ್ಲ. ಗಿಜಿಗಿಜಿ ಗಿಡ, ಚೇಳುಕೊಂಡಿ ಗಿಡಗಳಲ್ಲಿರುವ ಬೇರೊಂದು ಬಗೆಯ ಕಹಿ ರಾಸಾಯನಿಕವನ್ನು ಅದು ಹುಡುಕಿಕೊಂಡು ಹೋಗುತ್ತದೆ. ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆಂದು ರೈತರು ಬಿತ್ತುವ ಅಪ್ಸೆಣಬು ಕೂಡ ಗಿಜಿಗಿಜಿಯ ಬಳಗವೇ. ಒಣಗಿದ ಗಿಡ, ಬಾಡಿದ ಎಲೆಗೆ ಹತ್ತಾರು ಚಿಟ್ಟೆ ಮುತ್ತಿಕೊಂಡು ಕೆರೆಯುತ್ತಿರುವುದನ್ನು ಕಂಡವರು ಹುಚ್ಚು ಹಿಡಿಯಿತೇ ಎಂದುಕೊಳ್ಳುತ್ತಾರೆ. ಅದು ಗಂಧದ ವ್ಯಾಪಾರ. ಮುಂಗಾರಿನ ಮುಂಚೆ ಪಶ್ಚಿಮಘಟ್ಟದಿಂದ ಪೂರ್ವಕ್ಕೆ ಗುಂಪುಗುಂಪಾಗಿ ಹೊರಡುವ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳೂ ಇದೇ ಗಿಡಗಳಿಗೆ ಮುಗಿಬೀಳುತ್ತವೆ.

ಎಕ್ಕದ ಮೇಲೆ ಬಾಳುವವರು ಇನ್ನೂ ಇದ್ದಾರೆ: ಹಳದಿ ಹೇನು, ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳು, ಹಳದಿ-ನೀಲಿ ಬಣ್ಣದ ಎಕ್ಕದ ಮಿಡತೆ, ಕೆಂಪು-ಕಪ್ಪು ತಿಗಣೆ. ಹೆಚ್ಚಿನವು ಕಣ್ಣಿಗೆ ಹೊಡೆಯುವ ಬಣ್ಣದವೇ. ವಿಷದ ಗಿಡದಲ್ಲಿ ಬಾಳುವವರಿಗೆ ಅಡಗಿ ಕೂರುವ ಅಗತ್ಯ ಕಡಿಮೆ.

ಮಕರಂದವಿದೆ, ಮನೆಯಿಲ್ಲ

ಈಗ ಚಿಟ್ಟೆತೋಟದ ಕಾಲ. ಬನ್ನೇರುಘಟ್ಟದಲ್ಲಿ 2006ರಲ್ಲಿ ಚಿಟ್ಟೆ ಉದ್ಯಾನ ತೆರೆದ ಮೇಲೆ ಶಾಲೆ, ಕಚೇರಿ, ಅಪಾರ್ಟ್‌ಮೆಂಟುಗಳಲ್ಲೂ ಅದರ ಹಂಬಲ ಹುಟ್ಟಿದೆ. ಸಂತೋಷವೇ. ಆದರೆ ಹೆಚ್ಚಿನ ತೋಟಗಳಲ್ಲಿ ನೆಡುವುದು ನರ್ಸರಿಯಿಂದ ತಂದ ಹೊರನಾಡಿನ ಹೂಗಿಡಗಳನ್ನು. ಬಣ್ಣದ ಲಂಟಾನ, ಪೆಂಟಾಸ್ ಇತ್ಯಾದಿ. ಮಕರಂದ ಕುಡಿಯಲು ಚಿಟ್ಟೆಗಳು ಬರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಮೊಟ್ಟೆಯಿಡಲು ಮಾತ್ರ ಅವು ಕಾಂಪೌಂಡಿನ ಆಚೆಯ ಎಕ್ಕಕ್ಕೆ, ಈಶ್ವರಿ ಬಳ್ಳಿಗೆ, ಕರಿಬೇವಿಗೆ ಹೋಗಬೇಕು. ಕಾಂಪೌಂಡಿನ ಆಚೆಯದನ್ನು ಕಳೆಯೆಂದು ಸವರಿಸಿ, ಒಳಗೆ ಚಿಟ್ಟೆತೋಟ ಎಂದು ಬೋರ್ಡು ಹಾಕುವುದರಲ್ಲಿ ಏನರ್ಥವಿದೆ?

ಪ್ಲೇನ್ ಟೈಗರ್ ಅಳಿವಿನ ಅಂಚಿನಲ್ಲಿದೆ ಎಂದು ಹೆದರಿಸಬೇಕಾಗಿಲ್ಲ. ಅದು ಏಷ್ಯಾ, ಆಫ್ರಿಕಗಳ ಬೆಚ್ಚನೆಯ ನಾಡುಗಳಲ್ಲಿ ಧಾರಾಳವಾಗಿದೆ. ಎಕ್ಕವೂ ಸುಲಭಕ್ಕೆ ಬಿಟ್ಟುಕೊಡುವ ಗಿಡವಲ್ಲ. ಆದರೆ ಮೊನಾರ್ಕ್ ಕೂಡ ಅಮೆರಿಕದಲ್ಲಿ ಒಂದು ಕಾಲಕ್ಕೆ ತೀರಾ ಸಾಮಾನ್ಯ ಚಿಟ್ಟೆ. ಅದರ ಮರಿಗಳಿಗೆ ಬೇಕಾದ ಹಾಲುಗಿಡ ಜೋಳ, ಸೋಯಾ ಹೊಲಗಳ ನಡುವೆ ಕಳೆಯಾಗಿ ಬೆಳೆಯುತ್ತಿತ್ತು. ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ತಳಿಗಳು ಬಂದ ಮೇಲೆ ಹೊಲಕ್ಕೆ ಹೊಲವೇ ಔಷಧಿ ಹೊಡೆದರು. ಬೆಳೆ ಉಳಿಯಿತು, ಹಾಲುಗಿಡ ಹೋಯಿತು. ಮೆಕ್ಸಿಕೊದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್‌ಗಳ ಹಿಂಡು ಕರಗಿದ್ದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ಕಾರಣಗಳಲ್ಲಿ ಇದೊಂದು. ವಲಸೆ ಹೋಗುವ ಮೊನಾರ್ಕ್ 2022ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗೆ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿಗೆ, ಸೇರಿತು.

ನಮ್ಮಲ್ಲೂ ಬದುವಿನ ಮೇಲೆ, ರಸ್ತೆಯ ಮಗ್ಗುಲಲ್ಲಿ ಕಳೆನಾಶಕ ಹೊಡೆಯುವುದು ಹೆಚ್ಚುತ್ತಿದೆ. ಕೂಲಿಗೆ ಜನ ಸಿಗದ ರೈತನ ಕಷ್ಟ ಅರ್ಥವಾಗುವಂಥದ್ದೇ. ಪಾರ್ಕಿನ ಮೂಲೆಯಲ್ಲಿ, ಕೆರೆಯ ಏರಿಯಲ್ಲಿ, ಶಾಲೆಯ ಹಿತ್ತಲಿನಲ್ಲಿ ‘ಸ್ವಚ್ಛತೆ’ಯ ಹೆಸರಿನಲ್ಲಿ ಹೊಡೆಯುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಉಳಿಸುವವರಿಗೆ

ಎಕ್ಕವನ್ನು ಹೊಸದಾಗಿ ನೆಡಲೇಬೇಕೆಂದಿಲ್ಲ, ಇದ್ದದ್ದನ್ನು ಬಿಟ್ಟರೆ ಸಾಕು. ನೆಡುವುದಾದರೆ ಬೀಜದಿಂದಲೂ ಬರುತ್ತದೆ, ಬಲಿತ ಕಡ್ಡಿಯಿಂದಲೂ ಬರುತ್ತದೆ. ಬಿಸಿಲು ಬೀಳುವ ಮೂಲೆ ಇರಲಿ, ಮಕ್ಕಳು ಆಡುವ ಜಾಗದಿಂದ ದೂರವಿರಲಿ. ಹಾಲು ಕಣ್ಣಿಗೆ ತಾಗಿದರೆ ಕೆಲವೊಮ್ಮೆ ನೋವೇ ಇಲ್ಲದೆ ದೃಷ್ಟಿ ಮಸುಕಾಗುತ್ತದೆ. ಪೂಜೆಗೆ ಹೂ ಬಿಡಿಸಿ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡವರಿಗೆ ಹೀಗಾದದ್ದುಂಟು. ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ಮನೆಮದ್ದು ಬೇಡ.

ಗಿಡದ ಎಲೆಗಳನ್ನು ಹುಳು ಬೋಳು ಮಾಡಿತೆಂದು ಔಷಧಿ ಹೊಡೆಯಬೇಡಿ. ಎಕ್ಕ ಮತ್ತೆ ಚಿಗುರುತ್ತದೆ. ಮನೆ ಕಟ್ಟಲು ಸೈಟು ಚೊಕ್ಕ ಮಾಡಿಸುವವರು ಜೆಸಿಬಿ ಬರುವ ಮೊದಲು ಎಲೆಗಳ ಅಡಿಯನ್ನೊಮ್ಮೆ ನೋಡಿ. ಪಟ್ಟೆಹುಳು ಕಂಡರೆ ಎಲೆ ಸಮೇತ ಕಿತ್ತು ಹತ್ತಿರದ ಇನ್ನೊಂದು ಎಕ್ಕದ ಮೇಲಿಡಿ, ಆಮೇಲೆ ಕೈ ತೊಳೆದುಕೊಳ್ಳಿ. ದಾಸವಾಳ, ಸೀಬೆ ಗಿಡದ ಮೇಲಿಟ್ಟರೆ ಅದು ಏನನ್ನೂ ತಿನ್ನದೆ ಸಾಯುತ್ತದೆ.